ಮುರಿದ ಮೂಳೆಯ ಚಿತ್ರ

ಕಬ್ಬಿಣದ ರಾಡಿನ ಮೊದಲ ಏಟು ಬಿದ್ದದ್ದು ಕಂಪ್ಯೂಟರ್ ಪರದೆಗೆ. ಎರಡನೆಯದು, ತಡೆಯಲು ಅಡ್ಡ ಬಂದ ಸಂಪಾದಕರ ಹೆಗಲಿಗೆ. ಅದರ ನಂತರದ್ದು ಅವಳಿಗೆ.

ಬಂದವನು ಕಿರುಚಲಿಲ್ಲ, ಬೈಯಲಿಲ್ಲ. ಬೆಳಗಿನ ಕೆಲಸ ಇನ್ನೂ ಕುದುರಿರಲಿಲ್ಲ. ಟಯರ್ ಅಂಗಡಿಯ ಮೇಲಿನ ಆ ಎರಡು ಕೋಣೆಯ ಕಚೇರಿಯಲ್ಲಿ ಫ್ಯಾನು ತಿರುಗುವುದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬಾಗಿಲಲ್ಲಿ ನಿಂತು, ಯಾರದೋ ಮನೆ ವಿಳಾಸ ವಿಚಾರಿಸುವವನ ಹಾಗೆ, "ಇಲ್ಲಿ ಚಿತ್ರ ನೋಡೋರು ಯಾರು?" ಅಂತ ಕೇಳಿದ. ಅವಳು ತಲೆಯೆತ್ತದೆಯೇ, "ನಾನೇ. ಕೂತ್ಕೊಳ್ಳಿ, ಬಂದೆ" ಅಂದಳು. ಬೆನ್ನ ಹಿಂದೆ ಮರೆಸಿ ಹಿಡಿದಿದ್ದ ಕೈಯನ್ನು ಅವನು ಆಗ ಮುಂದೆ ತಂದ.

ಪರದೆ ಒಡೆದು ಚೂರುಗಳು ಅವಳ ಮಡಿಲಿಗೆ ಸುರಿದವು. ಸಂಪಾದಕರು ಜನ್ಮದಲ್ಲಿ ಒಂದು ಸೊಳ್ಳೆಯನ್ನೂ ಜೋರಾಗಿ ಹೊಡೆದವರಲ್ಲ. ಆದರೂ "ಏ, ಏ, ಏನಿದು" ಅನ್ನುತ್ತ ನಡುವೆ ನುಗ್ಗಿದರು. ಏಟು ತಿಂದು ಕುರ್ಚಿಯ ಸಮೇತ ಮಗುಚಿದರು. ಅವಳು ತಲೆ ಉಳಿಸಿಕೊಳ್ಳಲು ಬಲಗೈ ಎತ್ತಿದಳು. ಒಣ ಸೌದೆ ಲಟಕ್ಕನೆ ಮುರಿದಂಥ ಸದ್ದು. ಅದು ಬಂದದ್ದು ತನ್ನ ಕೈಯಿಂದಲೇ ಅಂತ ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನೋವು ಬಂತು, ಮುಂಗೈಯಿಂದ ಹಲ್ಲಿನ ಬುಡದವರೆಗೆ.

ಅವನು ಅವಳ ಮೇಲೆ ಬಾಗಿ ನಿಂತಿದ್ದ. ಅವನ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. "ಒಂದು ಸಲ ನನ್ನನ್ನ ಕೇಳಬಹುದಿತ್ತಲ್ಲ ಮೇಡಂ," ಅಂದ. "ಒಂದೇ ಒಂದು ಮಾತು." ಹಾಗನ್ನುತ್ತಲೇ ರಾಡನ್ನು ಮತ್ತೆ ಎತ್ತಿದ.

ಅಷ್ಟರಲ್ಲಿ ಕೆಳಗಿನ ಟಯರ್ ಅಂಗಡಿಯವರು ಮೆಟ್ಟಿಲು ಹತ್ತಿ ಬಂದರು. ಒಬ್ಬ ಹಿಂದಿನಿಂದ ಮೊಣಕಾಲಿಗೆ ಒದ್ದ. ಅವನು ನೆಲ ಕಚ್ಚಿದ. ಆಮೇಲೆ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಬೂಟು, ಮುಷ್ಟಿ, ಕೈಗೆ ಸಿಕ್ಕ ಸ್ಟೂಲು. ಹುಬ್ಬು ಸೀಳಿ ಮುಖವೆಲ್ಲ ರಕ್ತವಾಯಿತು. ಅವನು ಕೈ ಅಡ್ಡ ಹಿಡಿಯಲೂ ಇಲ್ಲ. ಎಲ್ಲರೂ ಉಸಿರು ತೆಗೆದುಕೊಳ್ಳಲು ನಿಂತ ಒಂದು ಗಳಿಗೆಯಲ್ಲಿ ಮಾತ್ರ ಜಾರಿಕೊಂಡು, ಹಿಂದಿನ ಕಬ್ಬಿಣದ ಮೆಟ್ಟಿಲು ಇಳಿದು, ಗೋಡೆ ಹಾರಿ ಓಡಿಹೋದ.

ಇಷ್ಟಕ್ಕೆಲ್ಲ ಕಾರಣವಾದದ್ದು ಉಗುರಿನಷ್ಟು ಅಗಲದ ಒಂದು ಚಿತ್ರ.

ಅವಳಿದ್ದದ್ದು ವೈದ್ಯ ವಿಜ್ಞಾನದ ಪತ್ರಿಕೆಯೊಂದರಲ್ಲಿ. ಸಂಶೋಧಕರು ಕಳಿಸುವ ಪ್ರಬಂಧಗಳಲ್ಲಿ ಮಾತು ತೂಗಿ ನೋಡುವವರು ಬೇರೆ, ಅಂಕಿ ಅಂಶ ಜಾಲಾಡುವವರು ಬೇರೆ. ಅವಳ ಪಾಲಿಗೆ ಬಂದದ್ದು ಚಿತ್ರ. ಒಂದು ಕಡೆಯ ಚಿತ್ರವನ್ನು ಕದ್ದು ಇನ್ನೊಂದು ಕಡೆ ಅಂಟಿಸಿದ್ದಾರಾ, ಬೇಡದ ಕಲೆಯನ್ನು ಒರೆಸಿ ಹಾಕಿದ್ದಾರಾ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಅವಳ ಕೆಲಸ. ಕಚೇರಿಯವರು ಅವಳನ್ನು ಹದ್ದು ಅಂತಲೇ ಕರೆಯುತ್ತಿದ್ದರು, ಎದುರಿಗೇ.

ಊರಿನ ದೊಡ್ಡ ಆಸ್ಪತ್ರೆಯ ಮೂಳೆ ವಿಭಾಗದ ಪ್ರೊಫೆಸರ್ ಒಬ್ಬರು ಮುರಿದ ಮೂಳೆಯನ್ನು ಕೂಡಿಸುವ ಅಂಟೊಂದನ್ನು ಕಂಡುಹಿಡಿದಿದ್ದರು. ಮೊಲಗಳ ಮೇಲೆ ಪ್ರಯೋಗ ಮಾಡಿ ಬರೆದ ಪ್ರಬಂಧ ಇದೇ ಪತ್ರಿಕೆಯಲ್ಲಿ ಬಂದು ಹೆಸರು ಮಾಡಿತ್ತು. ಆ ಅಂಟು ಮನುಷ್ಯರ ಕಾಲಿಗೂ ಇಳಿಯತೊಡಗಿತ್ತು. ಚಿತ್ರಗಳನ್ನು ತಾಳೆ ನೋಡುವ ಯಂತ್ರ ಪ್ರಬಂಧಕ್ಕೆ ಹಸಿರು ಗುರುತು ಕೊಟ್ಟಿತ್ತು. ಆದರೆ ವಿಶೇಷ ಸಂಚಿಕೆಗೆಂದು ಅದನ್ನು ಮತ್ತೆ ತೆಗೆದಾಗ ಅವಳ ಕಣ್ಣು ಒಂದು ಕಡೆ ಸಿಕ್ಕಿಕೊಂಡಿತು. ಬದುಕಿರುವ ಮೊಲದ ಮೂಳೆಯಿಂದ ಚೂರು ತೆಗೆದು, ಎಲೆಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಹಾಸುವಾಗ ಒಮ್ಮೊಮ್ಮೆ ಮಡಿಕೆ ಬೀಳುತ್ತದೆ. ಅದು ಕೈತಪ್ಪು, ಯಾರೂ ಬೇಕೆಂದು ಮಾಡುವುದಲ್ಲ. ಒಂದು ಮೊಲದ ಮೂಳೆಯಲ್ಲಿದ್ದ ಬಾಗಿದ ಹೇರ್‌ಪಿನ್ನಿನಂಥ ಮಡಿಕೆ ಇನ್ನೊಂದು ಮೊಲದ ಮೂಳೆಯಲ್ಲೂ ಇತ್ತು, ತಲೆಕೆಳಗಾಗಿ. ಯಾರೋ ಒಂದೇ ಚಿತ್ರವನ್ನು ಮಗುಚಿ, ಬಣ್ಣ ಬದಲಿಸಿ, ಜೀವಕೋಶಗಳನ್ನೆಲ್ಲ ಚಿತ್ರ ಬರೆಯುವ ತಂತ್ರಾಂಶದಿಂದ ಹೊಸದಾಗಿ ಬಿಡಿಸಿದ್ದರು. ಯಂತ್ರ ಕೋಶಗಳನ್ನು ಹೋಲಿಸಿ ಸುಮ್ಮನಾಗಿತ್ತು. ಮಡಿಕೆಯನ್ನು ತಿದ್ದಲು ಕಳ್ಳನಿಗೂ ಹೊಳೆದಿರಲಿಲ್ಲ.

ಸಂಪಾದಕರು ಪ್ರೊಫೆಸರರಿಗೆ ಬರೆದರು. ತಡವಿಲ್ಲದೆ ಉತ್ತರ ಬಂತು: ನನಗೆ ಏನೂ ಗೊತ್ತಿಲ್ಲ, ಎಲ್ಲಾ ಮಾಡಿದ್ದು ನನ್ನ ಕೈಕೆಳಗಿನ ಸಂಶೋಧಕ, ಅವನನ್ನು ಹೊರಗೆ ಹಾಕಿದ್ದೇನೆ.

"ಸಾರ್, ಆ ಸಂಶೋಧಕನನ್ನ ಒಂದು ಮಾತು ಕೇಳೋಣ್ವಾ?" ಅಂದಿದ್ದಳು ಅವಳು.

"ಅದು ಆಸ್ಪತ್ರೆಯವರು ಮಾಡೋ ವಿಚಾರಣೆ ಕಣಮ್ಮ. ನಾವು ಬರೆಯೋದು ಪ್ರಬಂಧಕ್ಕೆ ಹೊಣೆ ಹೊತ್ತವರಿಗೆ ಮಾತ್ರ. ಎಲ್ಲಾ ಕಡೆ ಇರೋ ಪದ್ಧತಿ ಅದೇ."

ಅವಳು ಮುಂದಿನ ಪ್ರಬಂಧ ತೆರೆದಿದ್ದಳು. ಪತ್ರಿಕೆಯ ಪ್ರಕಟಣೆ ಹೊರಬಂತು, ಪ್ರೊಫೆಸರರ ಮಾತಿನಲ್ಲೇ, ಸಂಶೋಧಕನ ಹೆಸರಿನ ಸಮೇತ. ಒಂದು ಚಿತ್ರ ಬದಲಿಸಿ ಪ್ರಬಂಧವನ್ನು ಹಾಗೇ ಉಳಿಸಿದರು. ಸಂಶೋಧಕನ ಪದವಿ ಹೋಯಿತು. ಲೋಕದ ಯಾವ ಪ್ರಯೋಗಾಲಯದವರು ಅವನ ಹೆಸರು ಹುಡುಕಿದರೂ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಆ ಪ್ರಕಟಣೆ. ಪ್ರಾಣಿಮನೆಯಲ್ಲಿ ಮೊಲಗಳಿಗೆ ಮೇವು ಹಾಕಿಕೊಂಡು ಅಲ್ಲೇ ಬಿದ್ದಿರುತ್ತಿದ್ದ ಅವನನ್ನು ಜೊತೆಯವರು ಮೊಲದ ಡಾಕ್ಟ್ರು ಅಂತ ಕರೆಯುತ್ತಿದ್ದರಂತೆ. ಸ್ವಭಾವವೂ ಹಾಗೇ ಇತ್ತಂತೆ. ಇದೆಲ್ಲ ಅವಳಿಗೆ ತಿಳಿದದ್ದು ಆಮೇಲೆ.

ಅವಳನ್ನೂ ಸಂಪಾದಕರನ್ನೂ ಕರೆದುಕೊಂಡು ಹೋದದ್ದು ಅದೇ ದೊಡ್ಡ ಆಸ್ಪತ್ರೆಗೆ. ಹಾಗೆ ಮುರಿದ ಮೂಳೆ ಕೂರಿಸುವವರು ಊರಲ್ಲಿ ಬೇರೆಲ್ಲೂ ಇರಲಿಲ್ಲ.

ಅವಳ ಅಣ್ಣ ಲಾರಿ ಮೆಕ್ಯಾನಿಕ್. ಸಲಿಕೆಯಂಥ ಕೈ, ಮೂಗಿನ ತುದಿಯಲ್ಲೇ ಕೋಪ. ಗ್ರೀಸು ಮೆತ್ತಿದ ಬಟ್ಟೆಯಲ್ಲೇ ವಾರ್ಡಿಗೆ ನುಗ್ಗಿ ಬಂದು ತಂಗಿಯ ಕೈ ನೋಡಿದ. ಮುಂಗೈ ಇರಬಾರದ ಕಡೆ ಬಾಗಿತ್ತು.

"ಯಾರು?"

"ಅಣ್ಣಾ, ಪೊಲೀಸರಿಗೆ ಹೇಳಿದ್ದೀವಿ."

"ಯಾರು ಅಂತ ಕೇಳಿದೆ ಪುಟ್ಟಿ."

ಅವಳು ಮುಖ ಆಚೆ ತಿರುಗಿಸಿದಳು. ಪಕ್ಕದ ಮಂಚದಲ್ಲಿ ನರಳುತ್ತಿದ್ದ ಸಂಪಾದಕರು ಪಾಪ, ಕೇಳಿದ್ದಕ್ಕೆ ಉತ್ತರ ಕೊಡುವ ಅಭ್ಯಾಸದವರು. ಎಲ್ಲವನ್ನೂ ಹೇಳಿಬಿಟ್ಟರು. ಅಣ್ಣ ತಿರುಗಿ ನೋಡದೆ ಹೊರಟುಹೋದ. ಅವಳು ಕೂಗಿದ್ದು ಕಾರಿಡಾರಿನ ಗದ್ದಲದಲ್ಲಿ ಕರಗಿಹೋಯಿತು.

ಕೈಯನ್ನು ನೇರ ಮಾಡಲು ಬಂದದ್ದು ಕಿರಿಯ ಡಾಕ್ಟರಲ್ಲ, ಪ್ರೊಫೆಸರರೇ. ಎತ್ತರದ ಆಳು, ಬೆಳ್ಳಗಿನ ಮೀಸೆ, ಇಸ್ತ್ರಿ ಮುರಿಯದ ಕೋಟು. ನರ್ಸಿನ ಕೈಯಿಂದ ಸೂಜಿ ತೆಗೆದುಕೊಂಡು ತಾವೇ ಚುಚ್ಚಿದರು. ನರ್ಸನ್ನು ಹೊರಗೆ ಕಳಿಸಿ, ಎರಡು ಮಂಚಗಳ ನಡುವೆ ಪರದೆ ಎಳೆದರು. ಅವಳ ಬೆರಳುಗಳನ್ನು ತಮ್ಮ ಬೆರಳಲ್ಲಿ ಹೆಣೆದು ಹಿಡಿದರು.

"ನಿಮ್ಮ ಕಣ್ಣು ಬಹಳ ಚೂಪಂತೆ," ಅಂದರು.

"ಸಾರ್, ಮದ್ದು ಇನ್ನೂ ಹತ್ತಿಲ್ಲ. ಕೈ ಜೋಮು ಹಿಡಿದಿಲ್ಲ."

"ಹತ್ತುತ್ತೆ." ಅವರು ಎಳೆದರು. ಮೂಳೆಯ ತುದಿಗಳು ಒಂದಕ್ಕೊಂದು ಉಜ್ಜಿದ್ದು ಅವಳಿಗೆ ಒಳಗಿನಿಂದ ಕೇಳಿಸಿತು. ಎಡಗೈಯಲ್ಲಿ ಮಂಚದ ಸರಳು ಹಿಡಿದು ಹಲ್ಲು ಕಚ್ಚಿದಳು. ಪ್ರೊಫೆಸರರ ಮುಖದಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. "ಅವನಿಗೆ ತಲೆ ಕೆಟ್ಟಿದೆ. ಪೊಲೀಸರು ಬಂದಾಗ ಅಷ್ಟು ಹೇಳಿ ಸಾಕು. ಹಳೇದನ್ನ ಕೆದಕಬೇಡಿ." ಮತ್ತೆ ಎಳೆದು, ಹೆಬ್ಬೆರಳಿಂದ ಒತ್ತಿ ತಿರುಚಿದರು. ಅವಳಿಗೆ ಕಣ್ಣು ಕತ್ತಲಿಟ್ಟಿತು. "ಮೂರು ಚಿತ್ರ. ಜುಜುಬಿ ಮೂರು ಚಿತ್ರಕ್ಕೆ ಎಷ್ಟು ಜನರ ಬಾಳು ಹಾಳು ಮಾಡಿದ್ರಿ ನೋಡಿ."

ಪ್ಲಾಸ್ಟರ್ ಸುತ್ತಿ, ಕೈ ತೊಳೆದುಕೊಂಡು, ಅವರು ಹೊರಟುಹೋದರು.

ಅವಳು ಬೆವರಿನಲ್ಲಿ ತೊಯ್ದು ಸ್ವಲ್ಪ ಹೊತ್ತು ಚಾವಣಿ ನೋಡುತ್ತ ಮಲಗಿದ್ದಳು. ಆಮೇಲೆ ಆ ಮಾತು ಅವಳನ್ನು ಹಿಡಿದು ಅಲುಗಿಸಿತು. ಮೂರು ಅಂದರಲ್ಲ. ಅವಳು ಪತ್ತೆ ಮಾಡಿದ್ದು ಎರಡು. ಒಂದು ಅಸಲಿ, ಒಂದು ಅದರದೇ ಮಗುಚಿದ ಪಡಿಯಚ್ಚು. ಪತ್ರಿಕೆ ಬರೆದದ್ದೂ ಎರಡರ ಬಗ್ಗೆಯೇ.

"ಸಾರ್, ನಿಮ್ಮ ಫೋನು ಕೊಡಿ," ಅಂದಳು ಸಂಪಾದಕರಿಗೆ. ಎಡಗೈಯಲ್ಲಿ ತಡವರಿಸುತ್ತ ಪ್ರಬಂಧ ತೆರೆದು ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಕೊನೆಯ ಪುಟದ ಮೂಲೆಯಲ್ಲಿ, ಪೂರ್ತಿ ಕೂಡಿಕೊಂಡ ಮೂಳೆ ಅಂತ ತೋರಿಸಿದ ಚಿತ್ರದ ಅಂಚಿನಲ್ಲಿ, ಅದೇ ಮಡಿಕೆಯ ಅರ್ಧ ಭಾಗ ಇಣುಕುತ್ತಿತ್ತು. ಉಳಿದರ್ಧವನ್ನು ಕತ್ತರಿಸಿದ್ದರು.

"ಅವರು ಮೂರು ಅಂದ್ರು ಸಾರ್. ಇದು ನಮಗೇ ಗೊತ್ತಿರಲಿಲ್ಲ. ಏನೂ ಗೊತ್ತಿಲ್ಲ ಅಂತ ಬರೆದುಕೊಟ್ಟೋರಿಗೆ ಹೇಗೆ ಗೊತ್ತಾಯ್ತು?"

ಸಂಪಾದಕರು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಅವರ ಮುಖ ಬಾಡಿಹೋಯಿತು. "ನಾವು ಅವನನ್ನ ಕೇಳಬೇಕಿತ್ತು," ಅಂದರು.

ಆಗಲೇ ಅವಳು ಕಿಟಕಿಯಾಚೆ ನೋಡಿದ್ದು. ಆಸ್ಪತ್ರೆಯ ಹಿಂದಿನ ಅಂಗಳ ದಾಟಿ, ತಗಡಿನ ಮಾಡಿನ ತಗ್ಗು ಕಟ್ಟಡವಾದ ಪ್ರಾಣಿಮನೆಯ ಕಡೆ ಅಣ್ಣ ದಾಪುಗಾಲು ಹಾಕುತ್ತಿದ್ದ. ಕೈಯಲ್ಲಿ ಲಾರಿಯ ಚಕ್ರ ಬಿಚ್ಚುವ ಸ್ಪಾನರ್ ಇತ್ತು. ಆ ಸಂಶೋಧಕ ಎಲ್ಲಿ ಸಿಗುತ್ತಾನೆ ಅಂತ ಅಣ್ಣ ಯಾರನ್ನು ಕೇಳಿದರೂ ಒಂದೇ ಉತ್ತರ ಬಂದಿರಬೇಕು.

ಅವಳು ಮಂಚದಿಂದ ಇಳಿದಳು. ನರ್ಸು ತಡೆದದ್ದನ್ನು ಲೆಕ್ಕಿಸದೆ, ಗೋಡೆ ಹಿಡಿದುಕೊಂಡು, ಬರಿಗಾಲಲ್ಲಿ ಮೆಟ್ಟಿಲು ಇಳಿದು ಓಡಿದಳು. ಹೆಜ್ಜೆ ಹೆಜ್ಜೆಗೂ ಕೈಯೊಳಗೆ ಯಾರೋ ಮೊಳೆ ಹೊಡೆದಂತೆ ಆಗುತ್ತಿತ್ತು.

ಪ್ರಾಣಿಮನೆಯ ಬಾಗಿಲು ಕೀಲು ಕಿತ್ತು ಜೋತಾಡುತ್ತಿತ್ತು. ಒಳಗೆ ಮೂತ್ರದ ಘಾಟು, ಒಣಹುಲ್ಲಿನ ಧೂಳು, ಎರಡು ಸಾಲು ತಂತಿ ಪಂಜರ. ಒಂದು ಪಂಜರ ಉರುಳಿತ್ತು. ಅಣ್ಣ ಆ ಸಂಶೋಧಕನನ್ನು ಗೋಡೆಗೆ ಒತ್ತಿ ಹಿಡಿದು, ಹಿಟ್ಟು ನಾದಿದ ಹಾಗೆ ಹೊಟ್ಟೆಗೆ ಗುದ್ದುತ್ತಿದ್ದ. ಸ್ಪಾನರನ್ನು ಇನ್ನೂ ಎತ್ತಿರಲಿಲ್ಲ. ಹುಡುಕುತ್ತಿದ್ದ ಮುಖ ಸಿಕ್ಕ ಮೇಲೆ ಅವನಿಗೆ ಅವಸರವಿರಲಿಲ್ಲ.

"ಯಾವ ಕೈಯಲ್ಲಿ ಹೊಡೆದೆ?" ಅಂತ ಕೇಳುತ್ತಿದ್ದ. "ಹೇಳು. ಅದನ್ನೇ ಮುರೀತೀನಿ."

ಸಂಶೋಧಕ ಬಲಗೈಯನ್ನು ತಾನೇ ಚಾಚಿದ. ಅಣ್ಣ ಅದನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಸ್ಪಾನರ್ ಎತ್ತಿದ.

"ಅಣ್ಣಾ, ಬಿಡು."

ಅಣ್ಣನ ಕಿವಿಗೆ ಅದು ಬೀಳಲಿಲ್ಲ. ಅವಳ ಬಳಿ ಬೇರೆ ಏನೂ ಇರಲಿಲ್ಲ. ಹಸಿ ಪ್ಲಾಸ್ಟರಿನ ಕೈಯನ್ನೇ ಎತ್ತಿ ಅಣ್ಣನ ಕತ್ತಿನ ಬುಡಕ್ಕೆ ಬೀಸಿದಳು. ಅವಳ ಗಂಟಲಿಂದ ಹೊರಟ ಕೂಗಿಗೆ ಪಂಜರದ ಮೊಲಗಳೆಲ್ಲ ಒಂದೇ ಸಲ ಹಾರಿಬಿದ್ದವು. ಅಣ್ಣ ತತ್ತರಿಸಿ ತಿರುಗಿ ನೋಡಿದ. ತಂಗಿ ನೆಲಕ್ಕೆ ಕುಸಿದಿದ್ದಳು, ಮುಖ ಸುಣ್ಣದಷ್ಟು ಬಿಳುಪು.

"ನಿನಗೇನು ಹುಚ್ಚಾ ಪುಟ್ಟಿ? ಆ ಕೈಯಲ್ಲಾ ಹೊಡೆಯೋದು?"

"ಇನ್ನೊಂದರಲ್ಲಿ ಹೊಡೆದಿದ್ರೆ ನಿನಗೆ ಗೊತ್ತೇ ಆಗ್ತಿರಲಿಲ್ಲ," ಅಂದಳು. ಉಸಿರು ಹಿಡಿದುಕೊಂಡು ಸಂಶೋಧಕನ ಕಡೆ ತಿರುಗಿದಳು. ಅವನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. "ಈಗ ಕೇಳ್ತಿದ್ದೀನಿ. ಆ ಚಿತ್ರ ಮಾಡಿದ್ದು ಯಾರು?"

ಅವನು ಗೋಡೆಗೆ ಒರಗಿ ಕುಸಿದು ಕೂತ. "ಗಾಜಿನ ಸ್ಲೈಡ್ ಮಾಡಿದ್ದು ನಾನು ಮೇಡಂ. ಒಂದು ಮೊಲದ ಮೂಳೆ ಮಾತ್ರ ಕೂಡಿತ್ತು. ಉಳಿದವು ಯಾವುದೂ ಕೂಡಲಿಲ್ಲ. ಪ್ರೊಫೆಸರಿಗೆ ತೋರಿಸಿದೆ. ಸರಿ, ಇಟ್ಟು ಹೋಗು ಅಂದ್ರು. ಅಚ್ಚಾಗಿ ಬಂದಾಗ ನೋಡ್ತೀನಿ, ಎಲ್ಲಾ ಕೂಡಿಬಿಟ್ಟಿದೆ."

"ಆವಾಗಲೇ ಯಾಕೆ ಹೇಳಲಿಲ್ಲ?"

"ಪ್ರಬಂಧದಲ್ಲಿ ಮೊದಲನೇ ಹೆಸರು ನಂದಿತ್ತು. ಅವರೇ ಹಾಕಿದ್ರು." ಅವನು ಬಾಯಲ್ಲಿದ್ದ ರಕ್ತ ಉಗುಳಿದ. "ಖುಷಿಯಾಗಿತ್ತು ಮೇಡಂ. ಸುಳ್ಳು ಯಾಕೆ ಹೇಳಲಿ."

ಅಸಲಿ ಸ್ಲೈಡುಗಳು ಇಲ್ಲೇ ಇದ್ದಾವೆ, ಅವನ್ನು ತೆಗೆದುಕೊಂಡು ಹೋಗಲು ಬಂದೆ ಅಂತ ಮೇಜಿನ ಮೇಲಿದ್ದ ಮರದ ಪೆಟ್ಟಿಗೆ ತೋರಿಸಿದ. ಅವಳು ಅದರತ್ತ ಕೈ ಚಾಚುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಗಲಾಟೆಯ ಸುದ್ದಿ ಕೇಳಿ ಪ್ರೊಫೆಸರ್ ಬಂದಿದ್ದರು, ಹಿಂದೆ ಲಾಠಿ ಹಿಡಿದ ಇಬ್ಬರು ಕಾವಲಿನವರು.

ಅವರು ಪೆಟ್ಟಿಗೆಯನ್ನು ನೋಡಿದರು. ಸೀದಾ ನಡೆದು ಬಂದು ಅದನ್ನು ಎತ್ತಿ ನೆಲಕ್ಕೆ ಕುಕ್ಕಿದರು. ಗಾಜೆಲ್ಲ ಚೆಲ್ಲಿತು. ಬೂಟಿನ ಹಿಮ್ಮಡಿಯಿಂದ ಒಂದೊಂದನ್ನೇ, ಬೀಡಿ ಆರಿಸುವವರ ಹಾಗೆ, ತಿಕ್ಕಿ ತಿಕ್ಕಿ ಪುಡಿ ಮಾಡಿದರು. "ಆಸ್ಪತ್ರೆ ಸಾಮಾನು ಕದಿಯೋಕೆ ಬಂದಿದ್ದಾನೆ. ಹಿಡಿದು ನಾಲ್ಕು ಬಿಡ್ರಿ," ಅಂದರು.

ಸಂಶೋಧಕ ಕೂತಲ್ಲಿಂದಲೇ ಚಿಮ್ಮಿದ. ಎರಡೂ ಕೈ ಪ್ರೊಫೆಸರರ ಕುತ್ತಿಗೆಗೆ ಬಿದ್ದವು. ಇಬ್ಬರೂ ಪಂಜರಗಳ ಮೇಲೆ ಉರುಳಿದರು. ಕಾವಲಿನವರ ಲಾಠಿ ಅವನ ಬೆನ್ನು, ಪಕ್ಕೆ, ತಲೆ ಅಂತ ನೋಡದೆ ಬೀಳತೊಡಗಿತು. ಅವನು ಹಿಡಿತ ಸಡಿಲಿಸಲಿಲ್ಲ. ಪ್ರೊಫೆಸರರ ಮುಖ ನೀಲಿಗಟ್ಟುತ್ತಿತ್ತು, ಕಾಲು ನೆಲದ ಗಾಜನ್ನು ಕೆರೆಯುತ್ತಿತ್ತು. ಆಗ ಅಣ್ಣನೇ ನುಗ್ಗಿದ. ಸಂಶೋಧಕನ ಬೆರಳುಗಳನ್ನು ಬಿಡಿಸಿ, ಅವನನ್ನು ಎತ್ತಿ ಹಿಂದಕ್ಕೆ ಎಸೆದ. ಇನ್ನೊಂದು ಕೈಯಲ್ಲಿ ಪ್ರೊಫೆಸರರ ಕೋಟಿನ ಕಾಲರು ಹಿಡಿದುಕೊಂಡ. ಲಾಠಿಯವರು ಅವನ ಗಾತ್ರ ನೋಡಿ ಹಿಂದೆ ಸರಿದರು.

"ಪುಟ್ಟಿ, ಇವನನ್ನ ಹೊಡೀಲಾ?"

ಅವಳಿಗೆ ಹೊಡೆಯಲಿ ಅನ್ನಿಸಿತು. ತನ್ನ ಬೆರಳ ನಡುವೆ ಹೆಣೆದಿದ್ದ ಆ ತಣ್ಣಗಿನ ಬೆರಳುಗಳು ಒಂದೊಂದಾಗಿ ಮುರಿಯುವುದನ್ನು ನೋಡಬೇಕು ಅನ್ನಿಸಿತು. ಆ ಆಸೆ ಎಷ್ಟು ಜೋರಾಗಿತ್ತೆಂದರೆ ಉತ್ತರ ಕೊಡಲು ಅವಳಿಗೆ ಹೊತ್ತು ಹಿಡಿಯಿತು.

"ಬೇಡ. ಹಿಡಿದುಕೊಂಡಿರು ಸಾಕು."

ಉರುಳಿದ ಪಂಜರಗಳಿಂದ ಮೊಲಗಳು ಹೊರಗೆ ಬಂದಿದ್ದವು. ಒಂದು ಬಿಳಿ ಮೊಲ ಗಾಜಿನ ಪುಡಿ ತಪ್ಪಿಸಿಕೊಂಡು ಗೋಡೆಯಂಚಿಗೆ ಹೋಗುತ್ತಿತ್ತು. ಹಿಂಗಾಲನ್ನು ಎಳೆದುಕೊಂಡು ಹೋಗುತ್ತಿತ್ತು. ಅದರ ಹಿಂದೆ ಇನ್ನೊಂದು, ಅದೂ ಹಾಗೆಯೇ. ಕಿವಿಯಲ್ಲಿ ಪ್ರಯೋಗದ ಸಂಖ್ಯೆಯ ಬಿಲ್ಲೆಗಳಿದ್ದವು. ಪ್ರಬಂಧದಲ್ಲಿ ಎಲ್ಲಾ ಮೊಲಗಳೂ ಮೊದಲಿನಂತೆ ನೆಗೆದಾಡುತ್ತವೆ ಅಂತ ಬರೆದಿತ್ತು.

"ಗಾಜು ಒಡೆದುಹಾಕಿದ್ರಿ ಸಾರ್," ಅಂದಳು. "ಇವುಗಳ ಎಕ್ಸ್‌ರೇ ತೆಗೆಸೋಣ."

ಪ್ರೊಫೆಸರ್ ಕೆಮ್ಮುತ್ತ ಕತ್ತು ನೀವಿಕೊಳ್ಳುತ್ತಿದ್ದರು. ಕೆಮ್ಮು ನಿಂತಿತು. ಕಾವಲಿನವರ ಕಡೆ ತಿರುಗಿ, "ಪ್ರಾಣಿಗಳನ್ನೆಲ್ಲ ಈಗಲೇ ಮುಗಿಸಿಬಿಡಿ, ರೋಗ ಬಂದಿದೆ," ಅಂದರು. ಒಬ್ಬ ಕಾವಲಿನವನು ಒಂದು ಹೆಜ್ಜೆ ಮುಂದಿಟ್ಟ. ಅಣ್ಣ ಸ್ಪಾನರನ್ನು ಮೇಜಿನ ಮೇಲೆ ಒಮ್ಮೆ ಬಡಿದ. ಹಲಗೆ ಸೀಳಿತು. ಪೊಲೀಸರು ಬರುವವರೆಗೆ ಆಮೇಲೆ ಯಾರೂ ಅಲುಗಾಡಲಿಲ್ಲ.

ಸಂಶೋಧಕನನ್ನು ಪೊಲೀಸರು ಕರೆದೊಯ್ದರು. ಮೊಲಗಳ ಎಕ್ಸ್‌ರೇ ತೆಗೆದದ್ದು ಬೇರೆ ಊರಿನ ತಜ್ಞರು. ಒಂದನ್ನು ಬಿಟ್ಟು ಯಾವುದರ ಮೂಳೆಯೂ ಕೂಡಿರಲಿಲ್ಲ. ಅಂಟು ಹಾಕಿಸಿಕೊಂಡ ಜನರನ್ನು ವಾಪಸು ಕರೆಸಿದರು. ಅವರಲ್ಲಿ ಒಬ್ಬ ಮುದುಕನ ತೊಡೆ ಒಳಗೇ ಕೊಳೆತು, ಕಾಲನ್ನು ಕತ್ತರಿಸಬೇಕಾಯಿತು. ಸಂಪಾದಕರು ಪ್ರಬಂಧವನ್ನು ಪೂರ್ತಿ ಹಿಂತೆಗೆದುಕೊಂಡು, ಪತ್ರಿಕೆಯದೇ ತಪ್ಪೇನು ಅನ್ನುವುದನ್ನೂ ಬರೆದು ಅಚ್ಚು ಹಾಕಿಸಿದರು. ಅವರ ಹೆಗಲು ಕೊನೆಗೂ ಸರಿಹೋಗಲಿಲ್ಲ. ಕೆಲಸ ಬಿಟ್ಟರು. ಪ್ರೊಫೆಸರರನ್ನು ಆಸ್ಪತ್ರೆ ತೆಗೆದುಹಾಕಿತು. ಸ್ವಲ್ಪ ಕಾಲದಲ್ಲೇ ಇನ್ನೊಂದು ಊರಿನ ಆಸ್ಪತ್ರೆ ಅವರನ್ನು ಇಟ್ಟುಕೊಂಡಿತು. ಕೈಚಳಕ ಅಂಥದ್ದು ಅಂತ ಜನ ಹೇಳುತ್ತಿದ್ದರು. ಅದು ಸುಳ್ಳೂ ಅಲ್ಲ. ಅಣ್ಣನಿಗೆ ಹೊಡೆದಾಗ ಬಿರಿದ ಪ್ಲಾಸ್ಟರನ್ನು ಬೇರೆ ಡಾಕ್ಟರು ಬದಲಿಸಿದರು. ಒಳಗೆ ಮೂಳೆ ಮಾತ್ರ ಒಂದಿಷ್ಟೂ ಕದಲಿರಲಿಲ್ಲ, ಗೆರೆ ಎಳೆದ ಹಾಗೆ ಕೂಡಿಕೊಂಡಿತು. ಎಕ್ಸ್‌ರೇ ನೋಡಿದವರೆಲ್ಲ ಯಾರು ಕೂರಿಸಿದ್ದು ಅಂತ ಕೇಳುತ್ತಿದ್ದರು. ಅವಳು ಎಕ್ಸ್‌ರೇಯನ್ನು ಲಕೋಟೆಗೆ ತುರುಕುತ್ತಿದ್ದಳು.

ಸಂಶೋಧಕನ ಮೊಕದ್ದಮೆಯಲ್ಲಿ ಅವಳು ಸಾಕ್ಷಿ ಹೇಳಿದಳು.

"ನಿಮ್ಮ ಕೈ ಮುರಿದವನು ಇವನೇನಾ?" ಅಂತ ವಕೀಲರು ಕೇಳಿದರು.

"ಇವನೇ."

"ಹಾಗಿದ್ದರೂ ಇವನಿಗೆ ಅನ್ಯಾಯವಾಗಿದೆ ಅಂತೀರಿ."

"ಎರಡೂ ಆಗಿದೆ. ಒಂದನ್ನ ಹೇಳಿ ಇನ್ನೊಂದನ್ನ ಬಿಡೋಕೆ ಆಗಲ್ಲ."

ಶಿಕ್ಷೆ ಕಡಿಮೆಯಾಯಿತು, ತಪ್ಪಲಿಲ್ಲ. ಪೊಲೀಸರು ಹೊರಗೆ ಕರೆದೊಯ್ಯುವಾಗ ಅವನು ಅವಳನ್ನು ನೋಡಿ ಏನೋ ಹೇಳಲು ಹೋದ. ಬಾಗಿಲು ಮುಚ್ಚಿತು.

ಕಾರಿಡಾರಿನಲ್ಲಿ ಒಬ್ಬ ಹೆಂಗಸು ಅವಳ ಕಡೆಗೇ ನಡೆದು ಬಂದಳು. ಸಂಶೋಧಕನ ತಾಯಿ. ನರೆತ ಕೂದಲು, ಮಗನದೇ ಹುಬ್ಬು. ಕೈ ಹಿಡಿದು ಎರಡು ಮಾತಾಡುತ್ತಾಳೇನೋ ಅಂದುಕೊಂಡು ಅವಳು ನಿಂತಳು. ಆ ತಾಯಿ ಕೈ ಬೀಸಿ ಕೆನ್ನೆಗೆ ಹೊಡೆದಳು. ಕಾರಿಡಾರಿನವರೆಲ್ಲ ತಿರುಗಿ ನೋಡುವಂಥ ಏಟು.

"ನನ್ನ ಮಗ ಒಂದು ಇರುವೆ ತುಳಿದೋನಲ್ಲ," ಅಂದಳು. "ಅವನನ್ನ ಹೊಡೆಯೋನು ಮಾಡಿದ್ದು ನೀವು."

ಅಣ್ಣ ಮುಂದೆ ನುಗ್ಗಿದ. ಅವಳು ಬಲಗೈಯಿಂದಲೇ ಅವನ ತೋಳು ಹಿಡಿದಳು. ಬಾಯೊಳಗೆ ಉಪ್ಪುಪ್ಪು ರುಚಿ. ತುಟಿ ಒಡೆದಿತ್ತು. "ಅಮ್ಮ," ಅಂತ ಶುರು ಮಾಡಿದಳು. ತಾಯಿ ಇನ್ನೊಂದು ಏಟಿಗೆ ಎತ್ತಿದ್ದ ಕೈಯನ್ನು ತನ್ನ ಎದೆಗೇ ಬಡಿದುಕೊಂಡು, ಗೋಡೆ ಹಿಡಿದು ಕುಳಿತುಬಿಟ್ಟಳು. ಅವಳೂ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅಣ್ಣ ನೀರು ತಂದುಕೊಟ್ಟ. ಇಬ್ಬರೂ ಕುಡಿದರು.

ಆಮೇಲೆ ಅಣ್ಣ ಅವಳನ್ನು ಕೂರಿಸಿಕೊಂಡು ಕಾರು ಓಡಿಸಿದ. ತಿರುವಿನಲ್ಲಿ ವೇಗ ತಗ್ಗಿಸಿ, "ಮನೆಗೆ ತಾನೇ?" ಅಂದ.

"ಇಲ್ಲ," ಅಂದಳು, ಕರವಸ್ತ್ರದಲ್ಲಿ ತುಟಿ ಒತ್ತಿಕೊಳ್ಳುತ್ತ. "ಆಫೀಸಿಗೆ ಬಿಡು."